ಖಾಲಿ ಅಂದ್ರೆ ಸೊನ್ನೆ ಅಲ್ಲ!

ತಾಂಡೂರಿನ ತೊಗರಿ ನಿಮಗೆ ಗೊತ್ತು. 2022ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿತು. ಈ ಸಲ ಇಳುವರಿ ಎಷ್ಟಾದೀತು ಎಂದು ಮುಂಚೆಯೇ ಅಂದಾಜು ಮಾಡುವ ಗಣಿತದ ಲೆಕ್ಕಕ್ಕೆ ‘ಮಾದರಿ’ ಎನ್ನುತ್ತಾರೆ. ಅದಕ್ಕೆ ಮುಖ್ಯವಾಗಿ ಬೇಕಾದದ್ದು ಮಳೆಯ ಅಂಕಿಗಳು. ಅಂಕಿ ಕೆಟ್ಟರೆ ಅಂದಾಜೂ ಕೆಡುತ್ತೆ.

ನಮ್ಮ ದೇಶದಲ್ಲಿ ಬೆಳಿಗ್ಗೆ 8.30ಕ್ಕೆ ಮಳೆಮಾಪಕ ನೋಡಿ, ಹಿಂದಿನ 24 ಗಂಟೆಯ ಮಳೆ ಬರೆಯುತ್ತಾರೆ. ಜಹೀರಾಬಾದಿನ ನಿಮ್ಮ ಶಾಲೆಯಲ್ಲಿ ನೀವು ಹೀಗೆ ಬರೆದಿರಿ ಅಂದುಕೊಳ್ಳಿ (ಮಿ.ಮೀ.ಗಳಲ್ಲಿ, ಇವು ಕಲ್ಪಿತ ಅಂಕಿಗಳು):

ಗುರು 6, ಶುಕ್ರ 0, ಶನಿ 10, ಭಾನು —, ಸೋಮ 70, ಮಂಗಳ 8, ಬುಧ 2.

ಭಾನುವಾರ ರಜೆ, ಯಾರೂ ನೋಡಲಿಲ್ಲ. ಆ ಖಾಲಿ ಜಾಗಕ್ಕೆ ಏನು ಹಾಕೋಣ?

ಸೊನ್ನೆ ಹಾಕಿದರೆ, ಅಂದು ಮಳೆಯೇ ಬರಲಿಲ್ಲ ಎಂದಂತಾಯಿತು. ಉಳಿದ ಆರು ದಿನಗಳ ಸರಾಸರಿ 16 ಹಾಕಿದರೆ ವಾರದ ಮೊತ್ತ 96ರಿಂದ 112ಕ್ಕೆ ಏರುತ್ತೆ. ಸುರಿಯದ ಮಳೆಯನ್ನು ನಾವೇ ಸುರಿಸಿದ ಹಾಗೆ! ಸೋಮವಾರದ 70 ನೋಡಿ. ಮಾಪಕವನ್ನು ಖಾಲಿ ಮಾಡದ್ದರಿಂದ ಅದರಲ್ಲಿ ಎರಡು ದಿನಗಳ ನೀರಿದೆ. ಹಾಗಾದ್ರೆ ನೆರೆಯ ನಾರಾಯಣಖೇಡದ ಪುಸ್ತಕ ನೋಡೋಣ. ಅಲ್ಲಿ ಭಾನುವಾರ 20, ಸೋಮವಾರ 30 ಇದ್ದರೆ, ಅದೇ 2:3ರ ಪ್ರಮಾಣದಲ್ಲಿ ನಮ್ಮ 70ನ್ನು 28 ಮತ್ತು 42 ಎಂದು ಹಂಚಬಹುದು. ಪಕ್ಕದಲ್ಲಿ ‘ಅಂದಾಜು’ ಎಂದು ಬರೆಯಲೇಬೇಕು.

ದೊಡ್ಡ ಅಂಕಿಗಳೆಲ್ಲ ತಪ್ಪೇ? ಅಲ್ಲ. ತಾಂಡೂರು ಇರುವ ವಿಕಾರಾಬಾದ್ ಜಿಲ್ಲೆಯ ಅನಂತಗಿರಿ ಬೆಟ್ಟದಲ್ಲೇ ಮೂಸಿ ನದಿ ಹುಟ್ಟುವುದು. 1908ರ ಸೆಪ್ಟೆಂಬರ್ 28ರಂದು ಈ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಆಗ ಶಂಶಾಬಾದಿನಲ್ಲಿ 24 ಗಂಟೆಯಲ್ಲಿ ದಾಖಲಾದ ಮಳೆ 12.8 ಇಂಚು, ಅಂದರೆ ಸುಮಾರು 325 ಮಿ.ಮೀ. ಪ್ರವಾಹ ತಡೆಯುವ ಯೋಜನೆಗೆ ಕರೆಸಿದ್ದು ನಮ್ಮ ವಿಶ್ವೇಶ್ವರಯ್ಯನವರನ್ನು. ನದಿಯ ಮೇಲ್ಭಾಗದಲ್ಲಿ ನೀರು ತಡೆಹಿಡಿಯಬೇಕೆಂದು ಅವರು ಸೂಚಿಸಿದರು. ಮುಂದೆ ಉಸ್ಮಾನ್ ಸಾಗರ (1920), ಹಿಮಾಯತ್ ಸಾಗರ (1927) ಕಟ್ಟಿದ್ದು ಹೀಗೆ. ‘ಇಷ್ಟೊಂದು ಮಳೆ ಎಲ್ಲಾದ್ರೂ ಬರುತ್ತಾ?’ ಎಂದು ಆ ಅಂಕಿ ಹೊಡೆದುಹಾಕಿದ್ದರೆ ಎಷ್ಟು ನೀರು ತಡೆಯಬೇಕೆಂದು ಲೆಕ್ಕ ಹಾಕುವುದು ಹೇಗೆ?

ಆದ್ದರಿಂದ ವಿಪರೀತ ಅಂಕಿ ಕಂಡರೆ ಮೂರು ಪ್ರಶ್ನೆ ಕೇಳಿ:

1. ದಶಮಾಂಶ ಬಿಂದು ತಪ್ಪಿದೆಯೇ? (7.0 ಹೋಗಿ 70 ಆಗಿರಬಹುದು.)
2. ಎರಡು ದಿನಗಳ ಮಳೆ ಸೇರಿದೆಯೇ?
3. ಅಕ್ಕಪಕ್ಕದ ಊರುಗಳಲ್ಲೂ ಜೋರು ಮಳೆಯಾಗಿದೆಯೇ?

ತಪ್ಪೆಂದು ಖಾತ್ರಿಯಾದರೆ ಮಾತ್ರ ತಿದ್ದಿ. ಮೂಲ ಅಂಕಿಯನ್ನು ಅಳಿಸಬೇಡಿ, ಹಾಗೇ ಇರಲಿ.

ಈ ಮಳೆಗಾಲದಲ್ಲಿ ನಿಮ್ಮ ಶಾಲೆಯಲ್ಲೂ ಮಳೆ ಅಳೆಯಿರಿ. ಪುಸ್ತಕದಲ್ಲಿ ದಿನಾಂಕ, ಮಳೆ, ಷರಾ ಎಂದು ಮೂರು ಕಾಲಂ ಮಾಡಿ. ಅಳೆಯದ ದಿನ ಗೆರೆ ಎಳೆದು, ಯಾಕೆ ಅಳೆಯಲಿಲ್ಲ ಎಂದು ಷರಾದಲ್ಲಿ ಬರೆಯಿರಿ.