ದುಡಿಯಲು ಹೋದ ದಾರಿ, ನೋಡಲು ಹೋದ ದಾರಿ

ವಿನೋಬನಗರದ ನೂರಡಿ ರಸ್ತೆಯ ಬಳಿಯ ನಮ್ಮ ಬೀದಿಯಲ್ಲಿ ಕಳೆದ ಬೇಸಿಗೆ ರಜೆಯಲ್ಲಿ ಒಂದೇ ಮಾತು. ಬ್ಯಾರಿ ಮನೆಯೊಂದರ ಗಂಡ, ಹೆಂಡತಿ, ಮೂವರು ಮಕ್ಕಳು ಹದಿನಾಲ್ಕು ದಿನ ಗ್ರೀಸ್ ದೇಶದ ದ್ವೀಪಗಳಿಗೆ, ಅಲ್ಲಿಂದ ರೋಮ್, ಪ್ಯಾರಿಸ್‌ಗೆ ಹೋಗಿ ಬಂದರು. ಉಮ್ರಾಕ್ಕಲ್ಲ, ಕೆಲಸಕ್ಕಲ್ಲ, ಮದುವೆಗೂ ಅಲ್ಲ. ಬರೀ ನೋಡ್ಲಿಕ್ಕೆ.

ಮಗ್ರಿಬ್ ನಮಾಝ್ ಮುಗಿಸಿ ಹೊರಗೆ ಬಂದರೆ ಚಪ್ಪಲಿ ಹಾಕಿಕೊಳ್ಳುವ ಹೊತ್ತಿಗೇ ಚರ್ಚೆ ಶುರು. “ಆ ದುಡ್ಡಲ್ಲಿ ಒಂದು ಬಡ ಹೆಣ್ಣುಮಗುವಿನ ನಿಕಾಹ್ ಆಗ್ತಿತ್ತು” ಅಂತ ಒಬ್ಬರು. “ಗಲ್ಫ್ ದುಡ್ಡು, ನೀರಿನ ಹಾಗೆ ಬರ್ತದೆ, ನೀರಿನ ಹಾಗೆ ಹೋಗ್ತದೆ” ಅಂತ ಇನ್ನೊಬ್ಬರು. “ಉಸ್ತಾದರೇ, ನೀವು ಏನು ಹೇಳ್ತೀರಿ?” ಅಂತ ನಮ್ಮನ್ನೂ ಕೇಳಿದರು. ಸತ್ಯ ಹೇಳಬೇಕೆಂದರೆ ಆಗ ನಮ್ಮ ಮನಸ್ಸಿನಲ್ಲೂ ಅದೇ ಇತ್ತು. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೇ.

ಆ ಮನೆಯ ಯಜಮಾನರನ್ನು ಬೀದಿಯವರೆಲ್ಲ ಕಾಕ ಎಂದೇ ಕರೆಯುವುದು. ಅವರ ಬಾಪ ಬಂಟ್ವಾಳದ ಕಡೆಯಿಂದ ಆಗುಂಬೆ ಘಾಟಿ ಹತ್ತಿ ಒಣಮೀನಿನ ವ್ಯಾಪಾರಕ್ಕೆಂದು ಶಿವಮೊಗ್ಗಕ್ಕೆ ಬಂದವರು. ಕಾಕ ದಮ್ಮಾಮಿನ ಅಂಗಡಿಯೊಂದರಲ್ಲಿ ಇಪ್ಪತ್ತನಾಲ್ಕು ವರ್ಷ ದುಡಿದು ಈಗ ಊರಿಗೆ ಮರಳಿದ್ದಾರೆ. ಗಂಡ ಹೆಂಡತಿ ಇಬ್ಬರ ಹಜ್ ಆರು ವರ್ಷದ ಹಿಂದೆಯೇ ಆಗಿದೆ. ಪ್ರತಿ ವರ್ಷ ಝಕಾತಿನ ಲೆಕ್ಕವನ್ನು ನಮ್ಮಿಂದಲೇ ಬರೆಸಿಕೊಳ್ಳುತ್ತಾರೆ. ಸಾಲ ಇಲ್ಲ. ಹಾಗಾಗಿ ಶರೀಅತ್ತಿನ ಲೆಕ್ಕದಲ್ಲಿ ಈ ಪ್ರಯಾಣಕ್ಕೆ ತಕರಾರು ಹೇಳಲು ನಮ್ಮ ಬಳಿ ಏನೂ ಇರಲಿಲ್ಲ. ಇದ್ದದ್ದು ಅಭ್ಯಾಸದ ತಕರಾರು ಮಾತ್ರ. ನಮ್ಮವರು ದೂರ ಹೋಗುವುದು ದುಡಿಯಲಿಕ್ಕೆ. ನೋಡಲಿಕ್ಕೆ ಹೋಗುವುದು ಬೇರೆಯವರು ಎಂಬ ಅಭ್ಯಾಸ.

ಆ ಅಭ್ಯಾಸವನ್ನು ಮುರಿದದ್ದು ಕಾಕನ ಮನೆಯಾಕೆಯ ಒಂದು ಮಾತು. ನಮ್ಮ ಮನೆಯವರ ಹತ್ತಿರ ಅವರು ಹೇಳಿದರಂತೆ: “ಮದುವೆಯಾಗಿ ಇಪ್ಪತ್ತನಾಲ್ಕು ವರ್ಷ. ಎರಡು ವರ್ಷಕ್ಕೊಮ್ಮೆ ನಲ್ವತ್ತೈದು ದಿನದ ರಜೆ. ಹನ್ನೆರಡು ಸಲ ಬಂದರು. ಲೆಕ್ಕ ಹಾಕಿ ನೋಡಿ, 540 ದಿನ. ಅದರಲ್ಲಿ ಅರ್ಧ ಸಂಬಂಧಿಕರ ಮನೆ, ಆಸ್ಪತ್ರೆ, ಬ್ಯಾಂಕು, ಮನೆ ಕಟ್ಟುವ ಕೆಲಸ. ಹಜ್ಜಿಗೆ ಒಟ್ಟಿಗೆ ಹೋದೆವು, ಅದು ಅಲ್ಲಾಹನಿಗಾಗಿ. ಇದು ಒಂದು ನಮಗಾಗಿ ಇರಲಿ ಅಂತ ನಾನೇ ಹೇಳಿದೆ.”

ಒಂದೂವರೆ ವರ್ಷದ ದಾಂಪತ್ಯ! ನಮ್ಮ ಮೊಹಲ್ಲಾದಲ್ಲಿ ಇಂಥ ಲೆಕ್ಕ ಇರುವ ಮನೆ ಅದೊಂದೇ ಅಲ್ಲ.

ಹೊರಡುವ ಮೊದಲು ಕಾಕ ಮಸ್‌ಅಲ ಕೇಳಲು ಬಂದಿದ್ದರು. ಓದುಗರಿಗೂ ಉಪಯೋಗವಾದೀತು ಎಂದು ಇಲ್ಲಿ ಬರೆಯುತ್ತಿದ್ದೇವೆ. ನಮ್ಮ ಶಾಫಿಈ ಮದ್‌ಹಬಿನಲ್ಲಿ ದೂರದ ಪ್ರಯಾಣಿಕರು ನಾಲ್ಕು ರಕಅತ್ತಿನ ನಮಾಝನ್ನು ಎರಡಕ್ಕೆ ಇಳಿಸಬಹುದು; ಝುಹರ್-ಅಸರ್, ಮಗ್ರಿಬ್-ಇಶಾ ಒಟ್ಟಿಗೆ ನಿರ್ವಹಿಸಬಹುದು. ಆದರೆ ಬಂದ ದಿನ, ಹೊರಡುವ ದಿನ ಬಿಟ್ಟು ಒಂದೇ ಊರಲ್ಲಿ ನಾಲ್ಕು ದಿನ ತಂಗುವ ನಿಯ್ಯತ್ ಇದ್ದರೆ ಈ ರಿಯಾಯಿತಿ ಇಲ್ಲ. ಇನ್ನು ಕಿಬ್ಲ. ಶಿವಮೊಗ್ಗದಲ್ಲಿ ನಾವು ಪಶ್ಚಿಮಕ್ಕೆ, ಸ್ವಲ್ಪ ಉತ್ತರಕ್ಕೆ ವಾಲಿ ನಿಲ್ಲುತ್ತೇವೆ. ಅಥೆನ್ಸಿನಲ್ಲಿ ಆಗ್ನೇಯಕ್ಕೆ ಮುಖ ಮಾಡಬೇಕು. ಇದನ್ನು ಕೇಳಿ ಕಾಕನ ಹತ್ತು ವರ್ಷದ ಚಿಕ್ಕ ಮಗ, “ಅಂದರೆ ಮಕ್ಕಾದ ಆ ಬದಿಗೆ ಹೋಗ್ತೇವಾ ಉಸ್ತಾದ್?” ಎಂದ. ಪಾಠದಲ್ಲಿ ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಭೂಗೋಳ ಆ ಒಂದು ಪ್ರಶ್ನೆಯಲ್ಲಿ ಹೋಯಿತು.

ವೀಸಾದ ವಿಷಯವನ್ನೂ ಅನೇಕರು ಕೇಳುತ್ತಾರೆ. ಗ್ರೀಸ್, ಇಟಲಿ, ಫ್ರಾನ್ಸ್ ಮೂರಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಉಳಿಯುವ ದೇಶದ ಹೆಸರಲ್ಲಿ ಅರ್ಜಿ ಹಾಕಬೇಕು. 180 ದಿನಗಳ ಅವಧಿಯಲ್ಲಿ ಹೆಚ್ಚೆಂದರೆ 90 ದಿನ ಇರಬಹುದು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಕಡ್ಡಾಯ. 2024ರ ಜೂನ್‌ನಿಂದ ದೊಡ್ಡವರ ಶುಲ್ಕ 90 ಯೂರೋ, ಆರರಿಂದ ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ ಅದರ ಅರ್ಧ. ವೀಸಾ ಸಿಗದಿದ್ದರೂ ಶುಲ್ಕ ವಾಪಸ್ ಬರುವುದಿಲ್ಲ.

ಹೋಗುವ ದಾರಿಯಲ್ಲಿ ಗಲ್ಫಿನ ಒಂದು ನಿಲ್ದಾಣದಲ್ಲಿ ವಿಮಾನ ಬದಲಿಸಬೇಕಿತ್ತು. “ಅಂಥ ಕುರ್ಚಿಗಳಲ್ಲಿ ಎಷ್ಟು ರಾತ್ರಿ ಒಬ್ಬನೇ ಕೂತಿದ್ದೆ ಉಸ್ತಾದರೇ. ಈ ಸಲ ಮಗಳು ಹೆಗಲ ಮೇಲೆ ತಲೆ ಇಟ್ಟು ನಿದ್ದೆ ಮಾಡಿದಳು” ಎಂದರು ಕಾಕ. ಬೇರೇನೂ ಹೇಳಲಿಲ್ಲ.

ಮೊದಲು ಅಥೆನ್ಸ್. ಬೆಟ್ಟದ ಮೇಲಿನ ಪಾರ್ಥೆನಾನ್ ಮೊದಲು ಗ್ರೀಕರ ದೇವಾಲಯ, ಆಮೇಲೆ ಚರ್ಚ್, ಉಸ್ಮಾನಿಯಾ ತುರ್ಕರ ಕಾಲದಲ್ಲಿ ಮಸೀದಿ. ಒಳಗೆ ಮದ್ದಿನ ದಾಸ್ತಾನು ಇಟ್ಟಿದ್ದಾಗ 1687ರಲ್ಲಿ ವೆನಿಸಿನವರ ಫಿರಂಗಿ ಗುಂಡು ಬಿದ್ದು ಸಿಡಿಯಿತು. ಕೆಳಗಿನ ಪೇಟೆಯಲ್ಲಿ 1759ರ ಝಿಸ್ತಾರಾಕಿಸ್ ಮಸೀದಿ ಇದೆ, ಈಗ ವಸ್ತು ಸಂಗ್ರಹಾಲಯ. ನಮಾಝಿಗೆ ಸರಕಾರವೇ ಕಟ್ಟಿಸಿದ ಹೊಸ ಮಸೀದಿ ವೊತಾನಿಕೋಸ್ ಎಂಬಲ್ಲಿ ತೆರೆದದ್ದು 2020ರ ನವೆಂಬರಿನಲ್ಲಿ. ಮಿನಾರ ಇಲ್ಲದ ಸಾದಾ ಕಟ್ಟಡ. ಅದಕ್ಕೆ ಮೊದಲು ಅಲ್ಲಿನ ಮುಸ್ಲಿಮರು ನೆಲಮಾಳಿಗೆಗಳಲ್ಲಿ, ಬಾಡಿಗೆ ಕೋಣೆಗಳಲ್ಲಿ ಸಫ್ ಕಟ್ಟುತ್ತಿದ್ದರು. ಕಾಕನ ಪಕ್ಕದಲ್ಲಿ ನಿಂತವರು ಪಾಕಿಸ್ತಾನ, ಬಾಂಗ್ಲಾದ ಕೂಲಿಗಳು. ಸಲಾಂ ಹೇಳಿದ ಮೇಲೆ ಅವರು ಕೇಳಿದ ಮೊದಲ ಪ್ರಶ್ನೆ, “ಇಲ್ಲಿ ಯಾವ ಕೆಲಸ?” ಎಂದು. ಕೆಲಸ ಇಲ್ಲ, ನೋಡಲು ಬಂದೆ ಎಂದಾಗ ನಕ್ಕರಂತೆ.

ಅಲ್ಲಿಂದ ಕೋಸ್ ದ್ವೀಪ. ವೈದ್ಯರ ಪ್ರತಿಜ್ಞೆಗೆ ಹೆಸರಾದ ಹಿಪ್ಪೊಕ್ರೇಟಿಸ್ ಹುಟ್ಟಿದ ಊರು. ಪಟ್ಟಣದ ಹತ್ತಿರದ ಪ್ಲಾತಾನಿ ಹಳ್ಳಿಯಲ್ಲಿ ಇಂದಿಗೂ ಮುಸ್ಲಿಂ ಮನೆತನಗಳು, ಮಸೀದಿ ಇವೆ. 1923ರಲ್ಲಿ ಗ್ರೀಸ್ ಮತ್ತು ತುರ್ಕಿ ತಮ್ಮ ತಮ್ಮ ಜನರನ್ನು ಅದಲುಬದಲು ಮಾಡಿಕೊಂಡಾಗ ಈ ದ್ವೀಪಗಳು ಇಟಲಿಯ ಕೈಯಲ್ಲಿದ್ದವು. ಅದರಿಂದಾಗಿ ಇಲ್ಲಿನ ಮುಸ್ಲಿಮರು ಊರು ಬಿಡಬೇಕಾಗಲಿಲ್ಲ.

ಕೋಸಿನ ದಡದಲ್ಲಿ ನಿಂತರೆ ತುರ್ಕಿ ಕಾಣುತ್ತದೆ. ತೀರಾ ಹತ್ತಿರದ ಜಾಗದಲ್ಲಿ ನಡುವೆ ನಾಲ್ಕೈದು ಕಿಲೋಮೀಟರ್ ನೀರು. 2015ರ ಸೆಪ್ಟೆಂಬರ್ 2ರಂದು ಸಿರಿಯಾದ ಪುಟ್ಟ ಮಗು ಅಲಾನ್ ಕುರ್ದಿ, ಅದರ ಅಣ್ಣ, ತಾಯಿ ಮುಳುಗಿದ್ದು ಆ ದಡದಿಂದ ಇದೇ ಕೋಸಿಗೆ ಹೊರಟ ದೋಣಿಯಲ್ಲಿ. ಕೆಂಪು ಅಂಗಿಯ ಆ ಮಗುವಿನ ಚಿತ್ರ ನಮ್ಮಲ್ಲಿ ಯಾರು ಮರೆತಿದ್ದೇವೆ? ಕಾಕನ ಮನೆಯಾಕೆ ಆ ಸಂಜೆ ಮಕ್ಕಳನ್ನು ನೀರಿಗೆ ಇಳಿಯಲು ಬಿಡಲಿಲ್ಲ. “ಹೆದರಿಕೆ ಅಲ್ಲ. ಅದೇ ನೀರಲ್ಲಿ ನಮ್ಮ ಮಕ್ಕಳು ಆಟ ಆಡುವುದು ಆ ಹೊತ್ತಿಗೆ ಯಾಕೋ ಮನಸ್ಸಿಗೆ ಬರಲಿಲ್ಲ” ಎಂದರು. ಅಲ್ಲೇ ಕೂತು ಐವರೂ ಫಾತಿಹ ಓದಿದರಂತೆ.

ಮರುದಿನ ದೋಣಿಯಲ್ಲಿ ಕಲಿಮ್ನೋಸ್ ಎಂಬ ಚಿಕ್ಕ ದ್ವೀಪಕ್ಕೆ ಹೋದರು. ಕಲ್ಲುಗುಡ್ಡೆಗಳ ಊರು, ಬೇಸಾಯಕ್ಕೆ ನೆಲ ಕಡಿಮೆ. ಅಲ್ಲಿನ ಗಂಡಸರ ಕಸುಬು ಕಡಲ ತಳಕ್ಕೆ ಇಳಿದು ಸ್ಪಂಜು ಕಿತ್ತು ತರುವುದು. ಈಸ್ಟರ್ ಹಬ್ಬ ಮುಗಿದ ಮೇಲೆ ದೋಣಿಗಳು ಲಿಬಿಯಾ, ಈಜಿಪ್ಟಿನ ಕಡಲಿಗೆ ಹೊರಟರೆ ವಾಪಸ್ ಬರುವುದು ಚಳಿಗಾಲದ ಹೊಸ್ತಿಲಲ್ಲಿ. 1860ರ ದಶಕದಲ್ಲಿ ಗಾಳಿಕೊಳವೆಯ ಮುಳುಗುಡುಪು ಬಂತು. ಹೆಚ್ಚು ಆಳಕ್ಕೆ, ಹೆಚ್ಚು ಹೊತ್ತು ಇಳಿದರು, ಹೆಚ್ಚು ದುಡಿದರು. ಆದರೆ ಆಳದ ಒತ್ತಡದಲ್ಲಿ ರಕ್ತಕ್ಕೆ ಸೇರಿದ ಗಾಳಿ, ಬೇಗ ಮೇಲೆ ಬಂದರೆ ಗುಳ್ಳೆಯಾಗುತ್ತದೆ. ಅದು ಗೊತ್ತಿಲ್ಲದ ಕಾಲ ಅದು. ಎಷ್ಟೋ ಮಂದಿ ಸತ್ತರು, ಎಷ್ಟೋ ಮಂದಿಯ ಕಾಲು ಸ್ವಾಧೀನ ತಪ್ಪಿತು. ನಡುಗುವ ಕಾಲಿನ ಮುಳುಗುಗಾರನನ್ನು ತೋರಿಸುವ ಒಂದು ಕುಣಿತವೇ ಆ ಊರಲ್ಲಿದೆ. 1980ರ ದಶಕದಲ್ಲಿ ಸ್ಪಂಜುಗಳಿಗೆ ರೋಗ ಬಿದ್ದು ಕಸುಬು ಕುಸಿಯಿತು. ಬಹಳ ಹಿಂದೆಯೇ ಅನೇಕರು ಅಮೆರಿಕದ ಫ್ಲೋರಿಡಾಕ್ಕೆ ಗುಳೆ ಹೋಗಿದ್ದರು.

ಅಲ್ಲಿನ ಸ್ಪಂಜಿನ ಸಂಗ್ರಹಾಲಯದಲ್ಲಿ ಆ ತಾಮ್ರದ ತಲೆಗವಚದ ಮುಂದೆ ಕಾಕ ತುಂಬಾ ಹೊತ್ತು ನಿಂತರಂತೆ. ಹೊರಗೆ ಹಗ್ಗದ ಮೇಲೆ ಆಕ್ಟೋಪಸ್ ಒಣಹಾಕಿದ್ದನ್ನು ನೋಡಿ ಮಗಳು, “ಬಾಪ, ನಮ್ಮ ಅಜ್ಜನ ಅಂಗಡಿ” ಎಂದಳಂತೆ.

ಮುಂದೆ ರೋಡ್ಸ್. 1522ರಲ್ಲಿ ಸುಲ್ತಾನ್ ಸುಲೈಮಾನ್ ಗೆದ್ದ ದ್ವೀಪ. ಅಲ್ಲಿ ಹಾಫಿಝ್ ಅಹ್ಮದ್ ಆಗಾ 1793ರಲ್ಲಿ ಸ್ಥಾಪಿಸಿದ ಗ್ರಂಥಾಲಯ ಇಂದಿಗೂ ಇದೆ. ಕಿತಾಬುಗಳ ಸುದ್ದಿ ಎಂದರೆ ನಮಗೆ ಆಸೆ. ಅದರ ಚಿತ್ರಗಳನ್ನು ಕಾಕನ ಮಗಳ ಮೊಬೈಲಿನಲ್ಲಿ ಎರಡೆರಡು ಸಲ ನೋಡಿದೆವು. ರೋಮ್‌ನಲ್ಲಿ 1995ರಲ್ಲಿ ತೆರೆದ ದೊಡ್ಡ ಮಸೀದಿಯಲ್ಲಿ ಜುಮುಆ ಸಿಕ್ಕಿತು. ಪ್ಯಾರಿಸಿನ ಮಸೀದಿ 1926ರದ್ದು, ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಸತ್ತ ಮುಸ್ಲಿಂ ಸೈನಿಕರ ನೆನಪಿನದ್ದು. ಅಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ. “ಮಗ್ರಿಬ್ ಆಗುವವರೆಗೆ ಎದ್ದಿರುವುದೇ ಕಷ್ಟ” ಎಂದು ಚಿಕ್ಕವನ ದೂರು. ಊಟಕ್ಕೆ ಹೆಚ್ಚಾಗಿ ಮೀನು, ಬ್ರೆಡ್ಡು, ಆಲಿವ್, ಬೇಳೆಸಾರು. ಕೊನೆಯ ಎರಡು ದಿನ ಮಕ್ಕಳು ಪತ್ತಿರ್ ಪತ್ತಿರ್ ಅಂತ ಜಪ ಮಾಡಿದರಂತೆ.

ಇದನ್ನೆಲ್ಲ ಕೇಳುವಾಗ ನಮಗೆ ಇಬ್ನ್ ಬತೂತ ನೆನಪಾದರು. 1325ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ ಮೊರೊಕ್ಕೊದ ತಾಂಜಾ ಬಿಟ್ಟವರು. ಗ್ರೀಕರ ರಾಜಧಾನಿ ಕಾನ್‌ಸ್ಟಾಂಟಿನೋಪಲನ್ನೂ ಕಂಡರು, ನಮ್ಮ ಮಂಗಳೂರನ್ನೂ ಕಂಡರು. ಅಷ್ಟು ದೊಡ್ಡ ಪ್ರಯಾಣಿಕ 1349ರಲ್ಲಿ ಊರಿಗೆ ಮರಳಿದಾಗ ತಾಯಿ ಪ್ಲೇಗಿನಲ್ಲಿ ತೀರಿಹೋಗಿದ್ದರು. ತಂದೆ ತೀರಿದ ಸುದ್ದಿ ದಾರಿಯಲ್ಲೇ, ದಮಾಸ್ಕಸ್‌ನಲ್ಲಿ ಸಿಕ್ಕಿತ್ತು. ಇಪ್ಪತ್ತನಾಲ್ಕು ವರ್ಷ. ಕಾಕ ದಮ್ಮಾಮಿನಲ್ಲಿದ್ದದ್ದೂ ಅಷ್ಟೇ.

ಕಾಕನ ಉಮ್ಮ ಇದ್ದಾರೆ, ಅಲ್‌ಹಮ್‌ದುಲಿಲ್ಲಾಹ್. ಮೊಣಕಾಲು ನೋವಿನಿಂದ ಅವರು ಪ್ರಯಾಣಕ್ಕೆ ಹೋಗಲಿಲ್ಲ. ಅವರಿಗೆಂದು ತಂದದ್ದು ಕಲಿಮ್ನೋಸಿನ ಒಂದು ಸ್ಪಂಜು. ಕೈಯಲ್ಲಿ ಹಿಡಿದರೆ ಹತ್ತಿಯ ಹಾಗೆ ಹಗುರ, ನೀರಿಗೆ ಹಾಕಿದರೆ ಉಬ್ಬಿ ಭಾರವಾಗುತ್ತದೆ. ಮೊಮ್ಮಗಳು ಆ ಊರಿನ ಕಥೆ ಹೇಳಿದಾಗ ಉಮ್ಮ ಕೇಳಿದ್ದು ಒಂದೇ: “ಆರು ತಿಂಗಳಿಗೆ ವಾಪಸ್ ಬರುತ್ತಿದ್ದರಾ? ನಮಗಿಂತ ವಾಸಿ.”

ಎಲ್ಲರೂ ಯುರೋಪಿಗೆ ಹೋಗಿ ಎಂದು ನಾವು ಹೇಳುವುದಿಲ್ಲ. ಸಾಲ ತೀರಲಿ, ಝಕಾತ್ ಸಲ್ಲಲಿ, ಫರ್ಝ್ ಆದ ಹಜ್ ಮೊದಲಾಗಲಿ. ಬಡ್ಡಿಗೆ ದುಡ್ಡು ತಂದು ತಿರುಗಾಟ ಬೇಡವೇ ಬೇಡ. ಆದರೆ ಇದೆಲ್ಲ ಮುಗಿದ ಮೇಲೂ “ಮನೆಯವರೊಟ್ಟಿಗೆ ಎಲ್ಲಿಗಾದರೂ ಹೋಗೋಣ” ಎನ್ನುವ ಮನುಷ್ಯನನ್ನು ದುಂದುಗಾರ ಎಂದು ಕರೆಯುವ ಮೊದಲು ಅವರ ಮನೆಯ ಲೆಕ್ಕವನ್ನೂ ಕೇಳೋಣ. ನಾವು ಕೇಳಿರಲಿಲ್ಲ, ಅದಕ್ಕೆ ಕಾಕನ ಬಳಿ ಮಾಫಿ ಕೇಳಿದ್ದೇವೆ.

ದೂರ ಆಗದವರಿಗೆ ಹತ್ತಿರವೇ ಒಂದು ಜಾಗ ಇದೆ. ಸಾಗರ, ಜೋಗದ ದಾರಿಯಲ್ಲಿ ಬಸ್ಸು ಹತ್ತಿದರೆ ಹೊನ್ನಾವರ. ನಮ್ಮ ತೀರ್ಥಹಳ್ಳಿ ತಾಲೂಕಿನ ಅಂಬುತೀರ್ಥದಲ್ಲಿ ಹುಟ್ಟಿದ ಶರಾವತಿ ಕಡಲು ಸೇರುವುದು ಅಲ್ಲೇ. ಸುಮಾರು 1342ರಲ್ಲಿ ಆ ಊರಿಗೆ ಬಂದ ಇಬ್ನ್ ಬತೂತ ಅಲ್ಲಿ ಹುಡುಗಿಯರ 13, ಹುಡುಗರ 23 ಶಾಲೆಗಳನ್ನು ಕಂಡದ್ದಾಗಿ ಬರೆದಿದ್ದಾರೆ. ಮುಂದಿನ ರಜೆಗೆ ನಮ್ಮ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುವ ನಿಯ್ಯತ್ ಮಾಡಿದ್ದೇವೆ. ಮನೆಯವರೂ ಬರುತ್ತಾರೆ. ಇನ್‌ಶಾ ಅಲ್ಲಾಹ್.