ಮಿತ್ರ ಸೋತರೆ ಶತ್ರು ಬಗ್ಗುತ್ತಾನೆಯೇ?

ಮೈಸೂರು–ಹುಣಸೂರು ರಸ್ತೆಯ ಇಲವಾಲದಲ್ಲಿ 19ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ರೆಸಿಡೆಂಟರ ಬಂಗಲೆ ಎದ್ದಿತು. ಮೈಸೂರಿನ ಆಡಳಿತದ ಮೇಲೆ ಕಣ್ಣಿಡುವ ಅಧಿಕಾರ ಅವರಿಗೆ ದಕ್ಕಿದ್ದು 1799ರ ಯುದ್ಧದಿಂದ. ಆ ಯುದ್ಧಕ್ಕೆ ಮುನ್ನ ಕಂಪನಿ ಸರ್ಕಾರದ ಎದುರಿದ್ದ ಪ್ರಶ್ನೆ, ಮಿತ್ರರಾದ ಫ್ರೆಂಚರ ಬಲ ಕುಸಿದರೆ ಮೈಸೂರಿನ ಟಿಪ್ಪು ಸುಲ್ತಾನ್ ಏನು ಮಾಡುತ್ತಾನೆ ಎಂಬುದು. 1798ರ ಆಗಸ್ಟ್‌ನಲ್ಲಿ ನೈಲ್ ಕದನದಲ್ಲಿ ಫ್ರೆಂಚ್ ನೌಕಾಪಡೆ ನಾಶವಾಯಿತು. ಅಕ್ಟೋಬರ್ 22ರಂದು ಹೈದರಾಬಾದಿನಲ್ಲಿದ್ದ ನಿಜಾಮನ ಫ್ರೆಂಚ್ ದಳದ ಆಯುಧಗಳನ್ನು ಕಿತ್ತುಕೊಳ್ಳಲಾಯಿತು. ನವೆಂಬರ್ 4ರಂದು ಗವರ್ನರ್ ಜನರಲ್ ವೆಲ್ಲೆಸ್ಲಿ ನೈಲ್ ಗೆಲುವಿನ ಸುದ್ದಿಯನ್ನು ತಾನೇ ಟಿಪ್ಪುವಿಗೆ ಬರೆದು ತಿಳಿಸಿದ; ಮಾತುಕತೆಗೆ ಮೇಜರ್ ಡವ್‌ಟನ್‌ನನ್ನು ಕಳಿಸುವುದಾಗಿಯೂ ಬಳಿಕ ಹೇಳಿದ.

ಟಿಪ್ಪು ಬಗ್ಗಲಿಲ್ಲ, ಏರಿ ಬರಲೂ ಇಲ್ಲ, ಕಾಲ ತಳ್ಳಿದ. ಡಿಸೆಂಬರ್‌ನ ಅವನ ಉತ್ತರದಲ್ಲಿ, ಅಕ್ಕಿ ಹೇರಿಕೊಂಡು ಹೋದ ವ್ಯಾಪಾರಿಗಳ ಹಡಗೊಂದು ಫ್ರೆಂಚರ ಕೈಯಲ್ಲಿದ್ದ ಮಾರಿಷಸ್‌ನಿಂದ ಕೆಲಸ ಹುಡುಕುವ 40 ಮಂದಿಯನ್ನಷ್ಟೇ ಕರೆತಂದಿತ್ತು ಎಂಬ ಸಮಜಾಯಿಷಿ ಇತ್ತು. ಮತ್ತೊಂದೆಡೆ 1799ರ ಫೆಬ್ರವರಿಯಲ್ಲಿ ಅವನ ದೂತರು ತರಂಗಂಬಾಡಿಯಿಂದ ಫ್ರಾನ್ಸಿಗೆ ಹಡಗು ಹತ್ತಿದರು. ಈ ನಡೆಯನ್ನು ಮೊದಲೇ ಊಹಿಸಲು ಆಧಾರವಿತ್ತು. 1783ರ ಮಂಗಳೂರು ಮುತ್ತಿಗೆಯ ನಡುವೆಯೇ ಯುರೋಪಿನಲ್ಲಿ ಶಾಂತಿಯಾಗಿ ಫ್ರೆಂಚರು ಕೈಬಿಟ್ಟು ಹೋಗಿದ್ದರು. ಆಗಲೂ ಟಿಪ್ಪು ಮುತ್ತಿಗೆಯನ್ನು ಬಿಡಲಿಲ್ಲ. ಕೋಟೆಯೊಳಗಿದ್ದ ಬ್ರಿಟಿಷ್ ಪಡೆ ಹಸಿವಿನಿಂದ ಶರಣಾಗುವವರೆಗೆ ಕಾದು, 1784ರ ಮಾರ್ಚ್ 11ರಂದು ಸರಿಸಮನಾಗಿ ಕೂತು ಒಪ್ಪಂದ ಮಾಡಿಕೊಂಡ. ಮಿತ್ರ ಹೋದರೂ ಕಾದರೆ ದಾರಿ ಸಿಗುತ್ತದೆ ಎಂಬುದು ಅವನ ಅನುಭವ. ಶತ್ರುವಿನ ಮುಂದಿನ ಹೆಜ್ಜೆ ತಿಳಿಯಲು ಅವನ ತೋಪು, ಕುದುರೆಗಳನ್ನು ಎಣಿಸಿದರೆ ಸಾಲದು. ಹಿಂದೆ ಇಂಥದೇ ಇಕ್ಕಟ್ಟಿನಿಂದ ಅವನು ಹೇಗೆ ಪಾರಾದ ಎಂಬುದನ್ನೂ ನೋಡಬೇಕು.

ವೆಲ್ಲೆಸ್ಲಿಗೆ ಬೇಕಿದ್ದದ್ದು ಯುದ್ಧವೇ, ಊಹೆ ಬರೀ ನೆಪ ಎನ್ನಬಹುದು. ಸೈನ್ಯ ಸಜ್ಜುಗೊಳಿಸಲು ಮದ್ರಾಸಿಗೆ 1798ರ ಜೂನ್‌ನಲ್ಲೇ ಆದೇಶ ಹೋಗಿದ್ದರಿಂದ ಆ ಮಾತಿನಲ್ಲಿ ಬಲವಿದೆ. ಆದರೆ ಅದು ನನ್ನ ವಾದವನ್ನು ಗಟ್ಟಿಮಾಡುತ್ತದೆ: ಯುದ್ಧಕ್ಕೆ ಮನಸ್ಸು ಮಾಡಿದವನಿಗೆ ವಿಳಂಬವೆಲ್ಲ ವಂಚನೆಯಾಗಿಯೇ ಕಾಣುತ್ತದೆ. ಕೊನೆಗೆ ಗೆದ್ದದ್ದು ಬ್ರಿಟಿಷರಲ್ಲವೇ ಎಂದೂ ಕೇಳಬಹುದು. ಹೌದು, ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು, ಟಿಪ್ಪು ಮಡಿದ. ಆದರೆ ಗೆಲ್ಲಿಸಿದ್ದು ಸೈನ್ಯಬಲ. ಮಿತ್ರನ ಸೋಲಿನ ಸುದ್ದಿಗೇ ಅವನು ಮಣಿದಿದ್ದರೆ ಮುತ್ತಿಗೆಯೇ ಬೇಕಿರಲಿಲ್ಲ. ಟಿಪ್ಪುವಿನ ಎಣಿಕೆಯೂ ತಪ್ಪಿತು: 1784ರಲ್ಲಿ ಕಾಯಲು ಸಿಕ್ಕ ಕಾಲ ಈ ಬಾರಿ ಸಿಗಲಿಲ್ಲ, ಫೆಬ್ರವರಿ 3ರಂದೇ ದಂಡು ಹೊರಡಲು ಅಪ್ಪಣೆಯಾಗಿತ್ತು. ಗೂಢಚಾರರು ಸುದ್ದಿ ತರಬಲ್ಲರು. ಆ ಸುದ್ದಿಯನ್ನು ಎದುರಾಳಿಯ ಕಣ್ಣಿನಿಂದ ಓದುವ ಹೊಣೆ ಆಳುವವರದು. ಅದನ್ನು ಮರೆತಾಗ ಬೆಲೆ ತೆರುವವರು ಕೋಟೆಯೊಳಗಿನ ಜನ.