ಕೈಪಿಡಿಗೆ ಸಿಕ್ಕ ಹೊಸ ಓದುಗ

ಸಾಫ್ಟ್‌ವೇರ್ ಬರೆಯುವವರಿಗೆ ಕೈಪಿಡಿ ಬರೆಯುವ ಉತ್ಸಾಹ ಅಷ್ಟಕ್ಕಷ್ಟೆ. ಬರೆದರೂ ಓದುವವರಿಲ್ಲ ಎಂಬ ದೂರು ಬೇರೆ. ಏನಾದರೂ ಕೈಕೊಟ್ಟರೆ ಪಕ್ಕದ ಮೇಜಿನವರನ್ನು ಕೇಳುವುದೇ ಎಲ್ಲರ ವಾಡಿಕೆ. ಈಚೆಗೆ ಬಂದಿರುವ ಎಐ ಏಜೆಂಟ್‌ಗೆ ಆ ಪಕ್ಕದ ಮೇಜಿಲ್ಲ. ನಾವು ಹೇಳಿದ ಕೆಲಸವನ್ನು ಬೇರೆಬೇರೆ ಟೂಲ್‌ಗಳನ್ನು ಕರೆದು ಹಂತಹಂತವಾಗಿ ಮುಗಿಸುವ ಈ ತಂತ್ರಾಂಶ ಯಾವ ಟೂಲ್ ಹಿಡಿಯಬೇಕೆಂದು ತೀರ್ಮಾನಿಸುವುದು ಪ್ರತಿ ಟೂಲ್‌ನ ಜೊತೆಗಿರುವ ವಿವರಣೆ ಓದಿ. ಅಲ್ಲಿ ಬರೆದದ್ದನ್ನು ಬಹುಮಟ್ಟಿಗೆ ನಂಬಿಯೂ ಬಿಡುತ್ತದೆ.

ಕೈಪಿಡಿಯ ಕಥೆಯಲ್ಲಿ ನಾನು ತೆರೆಯುವ ಮೊದಲ ಪುಟ ಅಮೆರಿಕದ ಬೆಲ್ ಲ್ಯಾಬ್ಸ್‌ನದು. ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಬರೆದ, ಯುನಿಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆಯ ಕೈಪಿಡಿಯ ಮೊದಲ ಆವೃತ್ತಿಯ ಮೇಲಿರುವ ದಿನಾಂಕ 1971ರ ನವೆಂಬರ್ 3. ಪ್ರತಿ ಕಮ್ಯಾಂಡಿಗೂ ಒಂದೇ ಅಚ್ಚು: ಹೆಸರು, ಬಳಸುವ ಬಗೆ, ವಿವರಣೆ, ಜೊತೆಗೆ ‘ಬಗ್ಸ್’ ಎಂಬ ತಲೆಬರಹ. ತಮ್ಮ ಟೂಲ್‌ನ ಹುಳುಕನ್ನು ತಾವೇ ಮುದ್ರಿಸಿಕೊಡುವ ಧೈರ್ಯ ಆಮೇಲೆ ಬಂದ ಎಷ್ಟೋ ಕಂಪನಿ ಕೈಪಿಡಿಗಳಲ್ಲಿ ನನಗೆ ಕಂಡಿಲ್ಲ.

ಯಂತ್ರವೂ ಓದಬಲ್ಲ ವಿವರಣೆಗಳಲ್ಲಿ ಹೆಸರಾದದ್ದು 2011ರ ಸ್ವ್ಯಾಗರ್. ಈಗ ಅದರ ಹೆಸರು ಓಪನ್‌ಎಪಿಐ. ಒಂದು ವೆಬ್ ಸೇವೆಗೆ ಏನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದನ್ನು ಅದು ಕಟ್ಟುನಿಟ್ಟಾಗಿ ನಮೂದಿಸುತ್ತದೆ. ಆದರೆ ಯಂತ್ರಕ್ಕೆ ಅರ್ಥವಾಗುತ್ತಿದ್ದದ್ದು ಇದು ಅಂಕಿಯೋ ಅಕ್ಷರವೋ, ಕಡ್ಡಾಯವೋ ಐಚ್ಛಿಕವೋ ಎಂಬಷ್ಟೇ. ‘ವಿವರಣೆ’ಯ ಕಲಂ ಇದ್ದದ್ದು ಮನುಷ್ಯರಿಗಾಗಿ. ಅವಸರದಲ್ಲಿ ಮೊದಲು ಖಾಲಿ ಬೀಳುತ್ತಿದ್ದದ್ದೂ ಅದೇ.

2023ರ ಮಾರ್ಚ್‌ನಲ್ಲಿ ಚಾಟ್‌ಜಿಪಿಟಿಗೆ ಹೊರಗಿನ ಸೇವೆಗಳನ್ನು ಜೋಡಿಸುವ ಪ್ಲಗಿನ್‌ಗಳು ಬಂದವು. ಪ್ಲಗಿನ್ ಮಾಡುವವರು ತುಂಬಬೇಕಿದ್ದ ಕಡತದಲ್ಲಿ ವಿವರಣೆಗೆ ಎರಡು ಜಾಗ: ಒಂದು ಮನುಷ್ಯರಿಗೆ, ಇನ್ನೊಂದು ಮಾಡೆಲ್‌ಗೆ, ಅಂದರೆ ಚಾಟ್‌ಜಿಪಿಟಿಯ ಹಿಂದಿರುವ ಎಐಗೆ. ಮನುಷ್ಯರಿಗೆ ಒಂದೆರಡು ಸಾಲು ಸಾಕು. ಮಾಡೆಲ್‌ಗಾದರೆ ಉದ್ದಕ್ಕೆ ಬರೆಯಬಹುದಿತ್ತು. ಮುಂದಿನ ವರ್ಷವೇ ಪ್ಲಗಿನ್‌ಗಳು ಮುಚ್ಚಿಹೋದವು. ಆದರೂ ನನ್ನ ಪ್ರಕಾರ ಆ ಎರಡು ಜಾಗಗಳೇ ಈ ಚರಿತ್ರೆಯ ತಿರುವು.

ಮಾಡೆಲ್‌ಗೆ ಬರೆಯುವುದು ಹೇಗೆ? ರೈಲು ಹುಡುಕುವ ಟೂಲ್ ಒಂದಿದೆ ಎಂದುಕೊಳ್ಳಿ. ‘ರೈಲುಗಳನ್ನು ಹುಡುಕುತ್ತದೆ’ ಎಂದಷ್ಟೇ ಬರೆದರೆ ಏಜೆಂಟ್ ‘ಮೈಸೂರು’, ‘ನಾಳೆ’ ಎಂದು ಕಳಿಸಿ ಎಡವುತ್ತದೆ. ನಿಲ್ದಾಣದ ಸಂಕೇತವೇ ಬೇಕು, ಮೈಸೂರಿಗೆ ಎಂವೈಎಸ್. ದಿನಾಂಕದಲ್ಲಿ ವರ್ಷ ಮೊದಲು, ದಿನ ಕೊನೆಗೆ. ಈ ಟೂಲ್ ಟಿಕೆಟ್ ಕಾದಿರಿಸುವುದಿಲ್ಲ. ಖಾಲಿ ಪಟ್ಟಿ ಬಂದರೆ ಆ ದಿನ ರೈಲಿಲ್ಲ ಎಂದರ್ಥ, ಮತ್ತೆಮತ್ತೆ ಕೇಳಬೇಡ. ಇಷ್ಟು ಬರೆದರೆ ಕೆಲಸ ಸಾಗುತ್ತದೆ. ಏನು ಮಾಡುವುದಿಲ್ಲ ಎಂಬ ಸಾಲನ್ನೇ ಜನ ಮರೆಯುವುದು.

ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2024ರಲ್ಲಿ ಕೋಡ್ ತಿದ್ದುವ ಎಸ್‌ಡಬ್ಲ್ಯುಇ-ಏಜೆಂಟ್ ಕಟ್ಟಿದಾಗ ವಿವರಣೆಯನ್ನಷ್ಟೇ ಅಲ್ಲ, ಟೂಲ್‌ಗಳನ್ನೇ ಈ ಓದುಗನಿಗೆ ತಕ್ಕಂತೆ ತಿದ್ದಿದರು. ಕಡತವನ್ನು ಒಮ್ಮೆಗೆ 100 ಸಾಲು ಮಾತ್ರ ತೋರಿಸುವುದು, ವ್ಯಾಕರಣ ತಪ್ಪಿದ ಕೋಡ್ ಬರೆದರೆ ಅಲ್ಲೇ ತಿರಸ್ಕರಿಸಿ ಕಾರಣ ಹೇಳುವುದು. ಯುನಿಕ್ಸ್ ಸಂಪ್ರದಾಯದಲ್ಲಿ ಕೆಲಸ ಸುಸೂತ್ರ ಮುಗಿದರೆ ಕಮ್ಯಾಂಡ್ ತುಟಿಪಿಟಕ್ಕೆನ್ನದು. ಆ ಮೌನ ಏಜೆಂಟ್‌ಗೆ ಗೊಂದಲ. ಹಾಗಾಗಿ ‘ಕಮ್ಯಾಂಡ್ ಯಶಸ್ವಿಯಾಗಿದೆ, ತೋರಿಸಲು ಏನೂ ಇಲ್ಲ’ ಎಂದು ಬಾಯಿಬಿಟ್ಟು ಹೇಳಿಸಿದರು. ಅದೇ ವರ್ಷ ಆಂಥ್ರೊಪಿಕ್ ಕಂಪನಿಯೂ ಇಂಥದೇ ಅನುಭವ ಬರೆಯಿತು: ಏಜೆಂಟ್ ಬೇರೆ ಫೋಲ್ಡರ್‌ಗೆ ಹೋದಾಗ ಕಡತದ ವಿಳಾಸ ತಪ್ಪಿಸುತ್ತಿತ್ತು; ಮೂಲದಿಂದ ಪೂರ್ತಿ ವಿಳಾಸ ಕೊಡಲೇಬೇಕೆಂದು ಟೂಲ್ ಬದಲಿಸಿದ ಮೇಲೆ ತೊಂದರೆ ನೀಗಿತು. ಓದುಗ ಪದೇಪದೇ ಒಂದೇ ಕಡೆ ತಪ್ಪಿದರೆ ದೋಷ ಬರಹದ್ದಿರಬಹುದು, ಅಥವಾ ಟೂಲ್‌ನದೇ ಇರಬಹುದು. ಮನುಷ್ಯ ಓದುಗರ ವಿಷಯದಲ್ಲಿ ಈ ಔದಾರ್ಯ ನಮಗೇಕೋ ಬರಲಿಲ್ಲ.

2024ರ ನವೆಂಬರ್‌ನಲ್ಲಿ ಅದೇ ಆಂಥ್ರೊಪಿಕ್ ಎಂಸಿಪಿ ಎಂಬ ಮುಕ್ತ ಮಾನದಂಡವನ್ನು ಪ್ರಕಟಿಸಿತು. ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ನಮೂನೆ ಒಂದೇ ರೂಪದಲ್ಲಿದ್ದರೆ ಯಾವ ಏಜೆಂಟ್ ಬೇಕಾದರೂ ಬಳಸಬಹುದು. ಯಾರೋ ಬರೆದ ವಿವರಣೆ ಇನ್ಯಾರದೋ ಕಂಪ್ಯೂಟರ್‌ನ ಏಜೆಂಟ್‌ಗೆ ನೇರ ತಲುಪತೊಡಗಿತು.

ಅಪಾಯವೂ ಅದೇ ದಾರಿಯಲ್ಲಿ ಬಂತು. 2025ರ ಏಪ್ರಿಲ್‌ನಲ್ಲಿ ಎಐ ಭದ್ರತೆಯ ಕಂಪನಿ ಇನ್‌ವೇರಿಯಂಟ್ ಲ್ಯಾಬ್ಸ್‌ನವರು ಎರಡು ಸಂಖ್ಯೆ ಕೂಡುವ ಪುಟ್ಟ ಟೂಲ್ ಮಾಡಿ ತೋರಿಸಿದರು. ಬಳಕೆದಾರರಿಗೆ ಕಾಣುವುದು ಕೂಡುವ ಲೆಕ್ಕ ಮಾತ್ರ. ಮಾಡೆಲ್ ಓದುವ ವಿವರಣೆಯಲ್ಲಿ ಮಾತ್ರ, ಬಳಕೆದಾರರ ಗುಪ್ತ ಕೀಲಿಯ ಕಡತವನ್ನು ಓದಿ ಲೆಕ್ಕದ ಜೊತೆ ಕಳಿಸು ಎಂಬ ಅಪ್ಪಣೆ. ಏಜೆಂಟ್ ಅದನ್ನೂ ಪಾಲಿಸಿತು. ಮಾಡೆಲ್‌ಗೆ ಕಾಣುವ ಪೂರ್ತಿ ವಿವರಣೆ ಬಳಕೆದಾರರಿಗೂ ಕಾಣಬೇಕು, ಒಮ್ಮೆ ಒಪ್ಪಿದ ವಿವರಣೆಯಲ್ಲಿ ಆಮೇಲೆ ಒಂದಕ್ಷರ ಬದಲಾದರೂ ತಿಳಿಯುವಂತಿರಬೇಕು ಎಂಬುದು ಅವರ ಸಲಹೆ.